ಲಂಡನ್ನಿನ ಬೆಕ್ಕು-ಮಾಂಸದ ವ್ಯಾಪಾರ

ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಸಾವಿರಾರು ಬೆಕ್ಕುಗಳ ಹೊಟ್ಟೆ ತುಂಬುತ್ತಿದ್ದುದು ಕುದುರೆಯ ಮಾಂಸದಿಂದ. ಬಂಡಿ ಎಳೆದು ಸೋತ, ಕಾಲು ಮುರಿದ, ಮುಪ್ಪಡರಿದ ಕುದುರೆಗಳನ್ನು ವಧಾಂಗಳಗಳಿಗೆ ಸಾಗಿಸಿ, ಅವುಗಳ ಮಾಂಸವನ್ನು ರಾತ್ರಿ ದೊಡ್ಡ ಹಂಡೆಗಳಲ್ಲಿ ಬೇಯಿಸಿ, ಬೆಳಗಾಗುತ್ತಲೇ ಸಗಟಾಗಿ ಮಾರಲಾಗುತ್ತಿತ್ತು. ಅದನ್ನು ಕೊಂಡು, ಸಣ್ಣಗೆ ಕತ್ತರಿಸಿ, ಕಡ್ಡಿಗೆ ಚುಚ್ಚಿ, ಗೊತ್ತಾದ ಬೀದಿಗಳಲ್ಲಿ ಕೂಗುತ್ತ ಮನೆಮನೆಗೆ ಮಾರುತ್ತಿದ್ದವನನ್ನು ಜನರು ‘ಕ್ಯಾಟ್ಸ್ ಮೀಟ್ ಮ್ಯಾನ್’, ಅಂದರೆ ಬೆಕ್ಕಿನ ಮಾಂಸದವನು, ಎಂದು ಕರೆಯುತ್ತಿದ್ದರು. ನಗರದ ಬಡ ದುಡಿಮೆಗಾರರ ಬದುಕನ್ನು ದಾಖಲಿಸಿದ ಹೆನ್ರಿ ಮೇಹ್ಯೂ, ಮನೆಗೊಂದರಂತೆ ಲೆಕ್ಕ ಹಿಡಿದು ಲಂಡನ್ನಿನಲ್ಲಿ ಸುಮಾರು 3,00,000 ಬೆಕ್ಕುಗಳಿವೆಯೆಂದೂ ಈ ಮಾಂಸ ಹೊತ್ತು ಮಾರುವವರು ಸುಮಾರು 1,000 ಮಂದಿಯೆಂದೂ ಅಂದಾಜು ಮಾಡಿದ್ದಾನೆ. ದಿನವೂ ಮಾಂಸ ಕೊಂಡು ಬೀದಿಬೆಕ್ಕುಗಳಿಗೆ ಹಾಕುತ್ತಿದ್ದ, ಅವುಗಳ ಗದ್ದಲಕ್ಕೆ ನೆರೆಹೊರೆಯವರ ಸಿಟ್ಟನ್ನು ಕಟ್ಟಿಕೊಂಡ ಹೆಂಗಸೊಬ್ಬಳ ಪ್ರಸ್ತಾಪವೂ ಅವನ ಬರಹದಲ್ಲಿದೆ.

ಆ ಕಾಲದಲ್ಲಿ ಬೆಕ್ಕಿನ ಆಹಾರದ ಅಪಾಯವೆಂದರೆ ಕೊಳೆತ ಮಾಂಸ ಮಾತ್ರ ಎಂಬ ಎಣಿಕೆಯಿತ್ತು. ಬೆಂದ, ವಾಸನೆಯಿಲ್ಲದ ಮಾಂಸ ಸಿಕ್ಕರೆ ಬೆಕ್ಕಿಗೆ ಬೇಕಾದುದೆಲ್ಲ ಸಿಕ್ಕಿತೆಂದೇ ಕೊಳ್ಳುವವರೂ ಮಾರುವವರೂ ನಂಬಿದ್ದರು. ಆದರೆ ಆ ಬೆಕ್ಕುಗಳನ್ನು ಕಾಪಾಡಿದ್ದು ಕಡ್ಡಿಯ ಮಾಂಸವೊಂದೇ ಅಲ್ಲ. 1868ರಲ್ಲಿ ಲಂಡನ್ನಿನ ಅಂಚೆ ಇಲಾಖೆ ಮನಿ ಆರ್ಡರ್ ಕಚೇರಿಯ ಇಲಿ ಹಿಡಿಯುವ ಬೆಕ್ಕುಗಳಿಗೆ ವಾರಕ್ಕೊಂದು ಷಿಲಿಂಗಿನಂತೆ ಭತ್ಯೆ ಮಂಜೂರು ಮಾಡಿದಾಗ ಅದನ್ನು ಬೇಕೆಂದೇ ಚಿಕ್ಕದಾಗಿ ಇರಿಸಲಾಗಿತ್ತು. ಉಳಿದದ್ದನ್ನು ಬೆಕ್ಕುಗಳು ಇಲಿಗಳಿಂದ ತುಂಬಿಸಿಕೊಳ್ಳಬೇಕಾಗಿತ್ತು. ಆ ಉಳಿದ ಪಾಲಿನಲ್ಲೇ ಅವುಗಳ ಆರೋಗ್ಯ ಅಡಗಿತ್ತೆಂಬುದು ಸುಮಾರು ನೂರು ವರ್ಷಗಳ ಬಳಿಕ ತಿಳಿಯಿತು.

ಲಂಡನ್ನಿನಲ್ಲೇ ಬೆಕ್ಕಿನ ಪೋಷಣೆಯನ್ನು ಅಧ್ಯಯನ ಮಾಡಿದ ಪೆಟ್ರೀಷಿಯಾ ಸ್ಕಾಟ್ ಮತ್ತು ಅವರ ಸಹೋದ್ಯೋಗಿಗಳು 1961ರ ಹೊತ್ತಿಗೆ ಬರಿಯ ಮಾಂಸದ ಆಹಾರದಲ್ಲಿರುವ ಕೊರತೆಯನ್ನು ತೋರಿಸಿಕೊಟ್ಟರು. ಮಾಂಸಖಂಡದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ತೀರಾ ಕಡಿಮೆ. ಆದ್ದರಿಂದ ಅದನ್ನೊಂದನ್ನೇ ತಿನ್ನುವ ಮರಿಯ ದೇಹವು ತನ್ನ ಎಲುಬುಗಳಿಂದಲೇ ಕ್ಯಾಲ್ಸಿಯಂ ಸೆಳೆದುಕೊಳ್ಳತೊಡಗಿ, ಎಲುಬುಗಳು ತೆಳುವಾಗಿ ಸಣ್ಣ ನೆಗೆತಕ್ಕೂ ಮುರಿಯುತ್ತವೆ. ಇಲಿಯನ್ನು ಎಲುಬುಸಹಿತ ತಿನ್ನುವ ಬೆಕ್ಕಿಗೆ ಈ ಬಾಧೆಯಿಲ್ಲ. 1975ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕಿಂತ ಗೂಢವಾದ ಇನ್ನೊಂದನ್ನು ಕಂಡುಕೊಂಡರು: ಹಾಲಿನ ಪ್ರೋಟೀನಾದ ಕೇಸೀನನ್ನೇ ಆಧಾರವಾಗಿಸಿದ ಆಹಾರದಲ್ಲಿ ಬೆಳೆದ ಬೆಕ್ಕುಗಳ ಅಕ್ಷಿಪಟಲ, ಅಂದರೆ ಕಣ್ಣಿನೊಳಗೆ ಬೆಳಕನ್ನು ಗ್ರಹಿಸುವ ಪದರ, ಕ್ಷೀಣಿಸಿತು. ಕಾರಣ ಟಾರಿನ್ ಎಂಬ ಅಮೈನೊ ಆಮ್ಲದ ಅಭಾವ. ಬೆಕ್ಕಿನ ದೇಹವು ಇದನ್ನು ಸಾಕಷ್ಟು ತಯಾರಿಸಿಕೊಳ್ಳಲಾರದು, ಸಸ್ಯಾಹಾರದಲ್ಲಿ ಅದು ಇಲ್ಲವೇ ಇಲ್ಲವೆನ್ನಬಹುದು, ಮಾಂಸದಲ್ಲಿದ್ದರೂ ಬೇಯಿಸಿದಾಗ ಬಹುಪಾಲು ನೀರಿಗೆ ಇಳಿದುಹೋಗುತ್ತದೆ. ವಧಾಂಗಳಗಳ ಹಂಡೆಗಳಲ್ಲಿ ಮಾಂಸದಿಂದ ಏನೇನು ಕರಗಿಹೋಗುತ್ತಿತ್ತೆಂಬುದು ಇದರಿಂದ ಊಹೆಗೆ ನಿಲುಕುತ್ತದೆ. 1987ರಲ್ಲಿ, ಪ್ಯಾಕೆಟ್ ಆಹಾರ ತಿನ್ನುತ್ತಿದ್ದ ಬೆಕ್ಕುಗಳ ಹೃದಯಸ್ನಾಯುವಿನ ದೌರ್ಬಲ್ಯಕ್ಕೂ ಇದೇ ಕೊರತೆ ಕಾರಣವೆಂದೂ, ಟಾರಿನ್ ಕೊಟ್ಟರೆ ಹೃದಯ ಚೇತರಿಸಿಕೊಳ್ಳುತ್ತದೆಂದೂ ಸಾಬೀತಾದ ಮೇಲೆಯೇ ಆಹಾರ ತಯಾರಕರು ಅದರ ಪ್ರಮಾಣವನ್ನು ಹೆಚ್ಚಿಸಿದರು.

ಕನ್ನಡ ನಾಡಿನ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನವಿಡುವ ರೂಢಿಯನ್ನೂ ಈ ತಿಳಿವಿನ ಬೆಳಕಿನಲ್ಲಿ ನೋಡಬೇಕಾಗುತ್ತದೆ. ಕಣಜವೂ ಅಟ್ಟವೂ ಇದ್ದ ಮನೆಯಲ್ಲಿ ಹಾಲನ್ನ ಬೆಕ್ಕಿನ ಊಟದ ಒಂದು ಪಾಲಷ್ಟೇ ಆಗಿತ್ತು. ಇಲಿಯೇ ಕಾಣದ ಫ್ಲಾಟಿನಲ್ಲಿ ಅದೇ ಸಂಪೂರ್ಣ ಊಟವಾದಾಗ ಟಾರಿನ್ ಕೊರತೆ ತಪ್ಪದು, ಮೇಲಾಗಿ ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಗ್ಗಿರುವುದರಿಂದ ಭೇದಿಯೂ ಆಗುತ್ತದೆ. ಮಿಕ್ಕ ಸಾರು-ಹುಳಿಯನ್ನು ಕಲಸಿ ಹಾಕುವುದು ಇನ್ನೂ ಕೆಟ್ಟದ್ದು. ಈರುಳ್ಳಿ ಮತ್ತು ಬೆಳ್ಳುಳ್ಳಿಯಲ್ಲಿರುವ ಗಂಧಕದ ಸಂಯುಕ್ತಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡಿ ರಕ್ತಹೀನತೆಯನ್ನು ತರುತ್ತವೆ, ಮತ್ತು ಬೇಯಿಸುವುದರಿಂದಾಗಲಿ ಒಣಗಿಸಿ ಪುಡಿಮಾಡುವುದರಿಂದಾಗಲಿ ಅವುಗಳ ವಿಷಗುಣ ಹೋಗುವುದಿಲ್ಲ.