ಪಂಜರದ ಅಳತೆ

ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಣ ಸೀಮೆಯನ್ನು ಹಳೆಯ ಶಾಸನಗಳು ಎಡೆದೊರೆನಾಡು ಎಂದು ಕರೆದಿವೆ. ಮಾನ್ವಿ, ದೇವದುರ್ಗ, ಕಲ್ಲೂರುಗಳು ಈ ಸೀಮೆಯವೇ. ಇಲ್ಲಿನ ಎರೆಹೊಲಗಳಲ್ಲಿ ಬಿಳಿಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಗಿಣಿಗಳ ಹಿಂಡು ಇಳಿಯುತ್ತದೆ. ರೈತ ಅಟ್ಟಣಿಗೆ ಏರಿ ಕವಣೆ ಬೀಸುತ್ತಾನೆ. ಅದೇ ರೈತನ ಮನೆಯ ಪಡಸಾಲೆಯಲ್ಲಿ, ತಂತಿಯ ಪಂಜರದೊಳಗೆ, ಅದೇ ಜಾತಿಯ ಗಿಣಿಯೊಂದು ಹಸಿಮೆಣಸಿನಕಾಯಿ ಕಡಿಯುತ್ತ ಮಕ್ಕಳ ಹೆಸರು ಹಿಡಿದು ಕೂಗುತ್ತಿದ್ದ ಕಾಲ ಬಹಳ ಹಿಂದಿನದಲ್ಲ. ಹೊಲದಲ್ಲಿ ಕಳ್ಳ, ಮನೆಯಲ್ಲಿ ಮಗು! ಆದರೆ ಆ ಮಗುವಿಗೆ ಎಷ್ಟು ಜಾಗ ಬೇಕೆಂದು ನಾವು ಕೇಳಿದ್ದು ಯಾವಾಗ? ನಮ್ಮ ಇತಿಹಾಸದಲ್ಲಿ ಈ ಪ್ರಶ್ನೆ ಬಹಳ ತಡವಾಗಿ ಹುಟ್ಟಿತು.

ಗಿಣಿಯ ಮೇಲಿನ ಪ್ರೀತಿಗೇನೂ ಕೊರತೆಯಿರಲಿಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಾಗವರ್ಮ ಬಾಣಭಟ್ಟನ ಕೃತಿಯನ್ನು ಕನ್ನಡಕ್ಕೆ ತಂದು 'ಕರ್ನಾಟಕ ಕಾದಂಬರಿ'ಯನ್ನು ರಚಿಸಿದ. ಅದರಲ್ಲಿ ಪಂಜರದಲ್ಲಿಟ್ಟು ಶೂದ್ರಕ ರಾಜನ ಆಸ್ಥಾನಕ್ಕೆ ತಂದ ಗಿಣಿಯೇ ಕಥೆ ಹೇಳುತ್ತದೆ. ಮುದಿಬೇಡನೊಬ್ಬ ಮರವೇರಿ ಗೂಡುಗಳಿಂದ ಮರಿಗಳನ್ನು ಎಳೆದು ಕೊಂದ ಬಗೆಯನ್ನೂ ಅದು ವಿವರಿಸುತ್ತದೆ. ಸಾವಿರ ವರ್ಷದ ಹಿಂದಿನ ಈ ವರ್ಣನೆ ಓದುವಾಗ ಇಂದಿನ ಮಾತೇ ಅನ್ನಿಸುತ್ತದೆ. ಗಿಣಿಮರಿ ಹಿಡಿಯುವವರು ಈಗಲೂ ಕೈಹಾಕುವುದು ಮರದ ಪೊಟರೆಗೇ. ಮುಂದೆ 1117ರ ಬೇಲೂರಿನ ಗುಡಿಯಲ್ಲಿ ಶುಕಭಾಷಿಣಿ ಬಂದಳು. ಅವಳ ಗಿಣಿಗೆ ಪಂಜರವಿಲ್ಲ. ಶಿಲ್ಪಿಗೆ ಆ ಅನುಕೂಲವಿತ್ತು, ಕಲ್ಲಿನ ಗಿಣಿ ಹಾರಿಹೋಗುವುದಿಲ್ಲವಲ್ಲ.

ಎಡೆದೊರೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಕೋಳಿ, ಲಾವುಗೆಗಳ ಕಾಳಗ, ಡೇಗೆಯ ಬೇಟೆ ಎಲ್ಲವೂ ಇವೆ. ಅವೆಲ್ಲ ಅರಸನ ವಿನೋದಗಳು. ವಿಜಯನಗರದ ಕಾಲಕ್ಕೆ ಬಂದರೆ, 1520ರ ರಾಯಚೂರು ಮುತ್ತಿಗೆಯ ವೃತ್ತಾಂತವನ್ನು ವಿವರವಾಗಿ ಬರೆದಿಟ್ಟ ಪೋರ್ಚುಗೀಸ್ ವರ್ತಕ ನೂನಿಜ್ ರಾಜಧಾನಿಯ ಸಂತೆಯ ವಿಷಯವನ್ನೂ ಹೇಳುತ್ತಾನೆ. ಕೊಳ್ಳುವವನಿಗೆ ತಾನು ಏನನ್ನು ಕೊಳ್ಳುತ್ತಿದ್ದೇನೆಂದು ತಿಳಿಯಲಿ ಎಂದು ಬೇಟೆಯ ಹಕ್ಕಿಗಳನ್ನು ಜೀವಂತವಾಗಿಯೇ ಮಾರಬೇಕಾಗಿತ್ತಂತೆ. ಗಿರಾಕಿಯ ಹಿತಕ್ಕೆ ಕಟ್ಟಳೆಯಿತ್ತು.

ಇನ್ನೊಂದು ವಿಚಿತ್ರ. ನಮ್ಮದು ದಾಸರ ಸೀಮೆ, ಜಗನ್ನಾಥದಾಸರ ಮಾನ್ವಿಯ ಸೀಮೆ. ದೇಹವೇ ಪಂಜರ, ಜೀವವೇ ಗಿಣಿ ಎಂಬ ಮಾತು ಇಲ್ಲಿನ ಭಜನೆಯ ಕಟ್ಟೆಗಳಲ್ಲಿ ಎಲ್ಲರಿಗೂ ಗೊತ್ತು. ಪಂಜರವೆಂದರೆ ಬಂಧನ ಎಂದು ಇಷ್ಟು ಚೆನ್ನಾಗಿ ತಿಳಿದ ಜನ, ಭಜನೆ ಮುಗಿಸಿ ಮನೆಗೆ ಬಂದು ನಿಜವಾದ ಗಿಣಿಯ ಪಂಜರಕ್ಕೆ ಬಟ್ಟೆ ಹೊದಿಸಿ ಮಲಗಿದರು.

ಆ ಪಂಜರವಾದರೂ ಎಂಥದು? ನಮ್ಮ ಸಾಮಾನ್ಯ ಗಿಣಿಯ ಉದ್ದ ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 40 ಸೆಂಟಿಮೀಟರು. ಬಿಚ್ಚಿದ ರೆಕ್ಕೆಗಳ ಅಗಲವೂ ಅದಕ್ಕೆ ಕಡಿಮೆಯಿಲ್ಲ. ಒಂದಡಿ ಅಗಲದ ದುಂಡು ಪಂಜರವೆಂದರೆ 30 ಸೆಂಟಿಮೀಟರು. ಅಂದರೆ ಅದರೊಳಗೆ ಹಕ್ಕಿ ಹಾರುವ ಮಾತಿರಲಿ, ಎರಡು ರೆಕ್ಕೆಯನ್ನೂ ಒಟ್ಟಿಗೆ ಬಿಚ್ಚುವಂತಿಲ್ಲ. ಬಾಲದ ಗರಿಗಳು ತಂತಿಗೆ ಉಜ್ಜಿ ಮುರಿಯುತ್ತವೆ. ಬೇಸರಕ್ಕೆ ಕೆಲವು ತಮ್ಮ ಎದೆಯ ಪುಕ್ಕವನ್ನೇ ಕಿತ್ತುಕೊಳ್ಳುತ್ತವೆ. ಜಾತ್ರೆಯ ಗಿಣಿಶಾಸ್ತ್ರದ ಪೆಟ್ಟಿಗೆ ಇದಕ್ಕಿಂತ ಚಿಕ್ಕದು. ರೆಕ್ಕೆ ಕತ್ತರಿಸಿದ ಗಿಣಿ ಹೊರಬಂದು, ಒಂದು ಚೀಟಿ ಎತ್ತಿ, ಒಂದು ಕಾಳು ತಿಂದು ತಾನಾಗಿಯೇ ಒಳಹೋಗುತ್ತದೆ. ಕಾಳಗಕ್ಕೂ, ಕಾಡಿನ ಹಕ್ಕಿಗಳನ್ನು ಕೂಗಿ ಕರೆಯಲಿಕ್ಕೂ ಸಾಕುವ ಕೌಜುಗದ ಬುಟ್ಟಿಯಂಥ ಪಂಜರದಲ್ಲಿ ಹಕ್ಕಿ ತಿರುಗಿ ನಿಲ್ಲುವುದೇ ಕಷ್ಟ.

ಅಳತೆಯ ಪ್ರಶ್ನೆಯನ್ನು ಕಾನೂನು ಎತ್ತಿದ್ದು 1960ರ ಪ್ರಾಣಿ ಹಿಂಸಾ ತಡೆ ಕಾಯಿದೆಯಲ್ಲಿ. ಭರತನಾಟ್ಯದ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯೆಯಾಗಿ ಮಂಡಿಸಿದ ಖಾಸಗಿ ಮಸೂದೆ ಇದಕ್ಕೆ ಮೂಲ. ಪ್ರಾಣಿಯು ಸಾಕಷ್ಟು ಚಲಿಸಲು ಆಗದಷ್ಟು ಎತ್ತರ, ಉದ್ದ, ಅಗಲ ಕಡಿಮೆಯಿರುವ ಪಂಜರದಲ್ಲಿ ಅದನ್ನು ಇಡುವುದು ಅಪರಾಧವೆಂದು ಅದರ 11ನೇ ಕಲಂ ಹೇಳಿತು. ಸಾಕಷ್ಟು ಎಂದರೆ ಎಷ್ಟು ಅಂಗುಲ ಎಂದು ಹೇಳಲಿಲ್ಲ. ಮೊದಲ ತಪ್ಪಿಗೆ ದಂಡ 50 ರೂಪಾಯಿ ಮೀರುವಂತಿಲ್ಲ. ಗಿಣಿಯ ಬೆಲೆಯೇ ಅದಕ್ಕಿಂತ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇರೆ ದಾರಿ ಹಿಡಿಯಿತು, 1990-91ರ ಹೊತ್ತಿಗೆ ದೇಶೀ ಹಕ್ಕಿಗಳ ವ್ಯಾಪಾರವೇ ನಿಷಿದ್ಧವಾಯಿತು. 2015ರಲ್ಲಿ ದೆಹಲಿ ಹೈಕೋರ್ಟು ಆಕಾಶದಲ್ಲಿ ಹಾರುವುದು ಹಕ್ಕಿಯ ಮೂಲಭೂತ ಹಕ್ಕು, ಸಣ್ಣ ಪಂಜರದಲ್ಲಿ ಅದನ್ನು ಇಡಕೂಡದು ಎಂದಿತು.

ಇದರ ಫಲವಾಗಿ ಪಡಸಾಲೆಯ ಗಿಣಿ ಕಡಿಮೆಯಾಗಿದೆ, ಪಂಜರ ಕಡಿಮೆಯಾಗಿಲ್ಲ. ಊರಿನ ಗಿಣಿಯ ಜಾಗದಲ್ಲಿ ಈಗ ಲವ್ ಬರ್ಡ್ಸ್ ಎಂದು ಮಾರುವ ಬಜರಿಗಾರ್‌ಗಳಿವೆ. ಇವು ಆಸ್ಟ್ರೇಲಿಯದ ಬಯಲುಗಳಲ್ಲಿ ನೀರು ಹುಡುಕುತ್ತ ದೊಡ್ಡ ಹಿಂಡಾಗಿ ದೂರದೂರ ಹಾರುವ ಹಕ್ಕಿಗಳು. ಜಾನ್ ಗೌಲ್ಡ್ 1840ರಲ್ಲಿ ಅವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ಮೇಲೆ ಜಗತ್ತಿಗೆಲ್ಲ ಹಬ್ಬಿದವು. ದೇಶೀ ಹಕ್ಕಿಯಲ್ಲವಾದ್ದರಿಂದ ವ್ಯಾಪಾರದ ಆ ನಿಷೇಧ ಇವಕ್ಕೆ ತಾಗದು. ಆದರೆ 1960ರ ಕಾಯಿದೆ ದೇಶೀ, ವಿದೇಶೀ ಎಂದು ಬೇರೆ ಮಾಡಿಲ್ಲ. ಅಂಗಡಿಯ ಪಂಜರದೊಳಗೆ ಹತ್ತು ಹಕ್ಕಿ ಒಂದೇ ಕೋಲಿನ ಮೇಲೆ ಒತ್ತಾಗಿ ಕೂತಿದ್ದರೆ 11ನೇ ಕಲಂ ಅವಕ್ಕೂ ಅನ್ವಯಿಸುತ್ತದೆ. ಇನ್ನು ಮನೆಯಲ್ಲಿ ಹಳೆಯ ಗಿಣಿ ಉಳಿದಿರುವವರು ಪುಣ್ಯವೆಂದು ಬಾಗಿಲು ತೆರೆದುಬಿಡುವ ಮೊದಲು ಯೋಚಿಸಬೇಕು. ವರ್ಷಗಟ್ಟಲೆ ರೆಕ್ಕೆ ಬಿಚ್ಚದ ಹಕ್ಕಿ ಎದುರು ಮನೆಯ ಮಾಳಿಗೆಯವರೆಗೂ ಹಾರಲಾರದು, ಬೆಕ್ಕಿನ ಬಾಯಿಗೆ ಬೀಳುತ್ತದೆ. ಅರಣ್ಯ ಇಲಾಖೆಯವರಿಗೆ ತಿಳಿಸಿ ಒಪ್ಪಿಸಿದರೆ, ವಿಶಾಲವಾದ ಜಾಲರಿ ಮನೆಯಲ್ಲಿ ಹಾರುವುದನ್ನು ಮತ್ತೆ ರೂಢಿಮಾಡಿಸಿ ಬಿಡುವುದು ಸಾಧ್ಯ. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ.