ಢಾಕಾದ ಮಸೀದಿಯಲ್ಲಿ ಜಪಾನಿನ ಬೆಟ್ಟ

ಹಳೆಯ ಢಾಕಾದ ಅರ್ಮಾನಿಟೋಲಾದಲ್ಲಿ ತಾರಾ ಮಸೀದಿ ಇದೆ. ಬಿಳಿ ಗುಮ್ಮಟಗಳ ತುಂಬ ನೀಲಿ ನಕ್ಷತ್ರಗಳಿರುವುದರಿಂದ ಈ ಹೆಸರು. ನೋಡುವವರ ಕಣ್ಣು ಸಹಜವಾಗಿ ನಕ್ಷತ್ರಗಳತ್ತ ಹೋಗುತ್ತದೆ. ಆದರೆ ಬಾಗಿಲುಗಳ ನಡುವಿನ ಗೋಡೆಯಲ್ಲಿ ಜಪಾನಿನ ಫುಜಿ ಪರ್ವತದ ಚಿತ್ರವಿದೆ. ಬಂಗಾಳದ ಮಸೀದಿಗೆ ಅದು ಬಂದದ್ದು ಹೇಗೆ?

ಮಿರ್ಜಾ ಗುಲಾಂ ಪೀರ್ ಕಟ್ಟಿಸಿದಾಗ ಇದು ಮೂರು ಗುಮ್ಮಟಗಳ ಸರಳ ಮಸೀದಿಯಾಗಿತ್ತು. 1926ರಲ್ಲಿ ಸ್ಥಳೀಯ ವರ್ತಕ ಅಲಿ ಜಾನ್ ಬೇಪಾರಿ ಜಪಾನ್ ಮತ್ತು ಇಂಗ್ಲೆಂಡಿನ ಪಿಂಗಾಣಿ ಟೈಲುಗಳನ್ನು ತರಿಸಿ ಅದನ್ನು ಅಲಂಕರಿಸಿದರು. ಬೇಪಾರಿ ಎಂದರೆ ನಮ್ಮ ವ್ಯಾಪಾರಿಯೇ. ಉತ್ತರ ಕರ್ನಾಟಕದಲ್ಲೂ ಈ ಅಡ್ಡಹೆಸರಿನವರಿದ್ದಾರೆ. ಗುಮ್ಮಟಗಳಿಗೆ ಒಂದೇ ಬಣ್ಣದ ಟೈಲುಗಳನ್ನು ಆಕಾರಕ್ಕೆ ತಕ್ಕಂತೆ ಕತ್ತರಿಸಿ ಕೂರಿಸಿದ್ದಾರೆ. ಒಳಗೋಡೆಗಳಲ್ಲಿ ಬೇರೆ ಬೇರೆ ಚಿತ್ತಾರದ ಟೈಲುಗಳ ಚೂರುಗಳು ಒಟ್ಟುಗೂಡಿ ಹೂವು, ಹೂದಾನಿಗಳಾಗಿವೆ.

ಈ ಕೆಲಸಕ್ಕೆ ಅಲ್ಲಿನ ಹೆಸರು 'ಚೀನಿಟಿಕ್ರಿ'. ಹೆಸರಿನಲ್ಲಿ ಚೀನಾ ಇದೆ, ಸರಕು ಮಾತ್ರ ಚೀನಾದ್ದಲ್ಲ! ಪಿಂಗಾಣಿಯ ಗುಟ್ಟು ಶತಮಾನಗಳ ಕಾಲ ಚೀನೀಯರ ಕೈಯಲ್ಲಿತ್ತು. 1644ರಲ್ಲಿ ಮಿಂಗ್ ದೊರೆತನ ಬಿದ್ದು ಅಲ್ಲಿ ಗಲಭೆ ಹಬ್ಬಿದಾಗ ಡಚ್ಚರು ಜಪಾನಿನ ಅರಿಟಾ ಊರಿನ ಕುಂಬಾರರತ್ತ ತಿರುಗಿದರು. ಮುಂದೆ ಇಂಗ್ಲೆಂಡಿನ ಸ್ಟಾಫರ್ಡ್‌ಶೈರಿನ ಕಾರ್ಖಾನೆಗಳು ಚಿತ್ರವನ್ನು ಅಚ್ಚೊತ್ತುವ ವಿಧಾನದಿಂದ ಅಗ್ಗದ ಪಾತ್ರೆಗಳನ್ನು ಲೋಕಕ್ಕೆಲ್ಲ ಮಾರಿದವು. 1914ರಿಂದ 1918ರ ಮಹಾಯುದ್ಧದಲ್ಲಿ ಯುರೋಪಿನ ಹಡಗುಗಳು ವಿರಳವಾದವು. ಭಾರತದ ಪೇಟೆಗಳಲ್ಲಿ ಆ ಜಾಗವನ್ನು ತುಂಬಿದ್ದರಲ್ಲಿ ಜಪಾನಿನ ಸರಕು ಮುಂದಿತ್ತು. ಯುದ್ಧ ಮುಗಿದ ಎಂಟೇ ವರ್ಷಕ್ಕೆ ಈ ಮಸೀದಿಯ ಗೋಡೆಯಲ್ಲಿ ಎರಡೂ ದೇಶಗಳ ಸರಕು ಅಕ್ಕಪಕ್ಕ ಕುಳಿತದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಜಪಾನೀಯರಿಗೆ ಫುಜಿ ಪವಿತ್ರ ಬೆಟ್ಟ. ಮಸೀದಿಗೆ ಟೈಲು ತರಿಸಿದವರಿಗೆ ಅದೊಂದು ಅಂದದ ಚಿತ್ರವಾಗಿದ್ದಿರಬೇಕು. ಪ್ರಾಣಿ, ಮನುಷ್ಯರ ರೂಪವಿಲ್ಲದ ಬೆಟ್ಟಕ್ಕೆ ಅಲ್ಲಿ ಅಡ್ಡಿಯೇನಿತ್ತು?

ಇಂಥ ಗೋಡೆಗಳು ಹಡಗುಕಟ್ಟೆಯ ಲೆಕ್ಕಪುಸ್ತಕಗಳಿದ್ದಂತೆ. ಜಾಗ ಸಾಲದೆಂದು 1987ರಲ್ಲಿ ಈ ಮಸೀದಿಯನ್ನು ವಿಸ್ತರಿಸಿ ಎರಡು ಗುಮ್ಮಟಗಳನ್ನು ಸೇರಿಸಿದರು. ನಮಾಝಿಗೆ ಬರುವವರಿಗೆ ಅದು ಬೇಕಾಗಿತ್ತು, ನಿಜ. ಆದರೆ ಆ ಕೆಲಸದಲ್ಲಿ ಹಳೆಯದೊಂದು ಮಿಹ್ರಾಬನ್ನು ಕೆಡವಿದರು. ಫುಜಿ ಬೆಟ್ಟ ಬಾಗಿಲುಗಳ ನಡುವೆ ಉಳಿದುಕೊಂಡಿತು.