ತಾಮ್ರದ ಚೊಂಬಿನಿಂದ ನ್ಯಾನೊ ಬೆಳ್ಳಿಯವರೆಗೆ



ಪುಟ್ಟೇನಹಳ್ಳಿಯ ಹಳೆಯ ಮನೆಗಳಲ್ಲಿ ಅಜ್ಜಿಯರು ರಾತ್ರಿ ತಾಮ್ರದ ಚೊಂಬಿನಲ್ಲಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವುದನ್ನು ನೀವು ನೋಡಿರಬಹುದು. ಅದೇ ಬಡಾವಣೆಯ ಅಂಗಡಿಗಳಿಗೆ ಈಗ 'ನ್ಯಾನೊ ಬೆಳ್ಳಿ' ಎಂಬ ಹೆಸರು ಹೊತ್ತ ಫಿಲ್ಟರುಗಳೂ ಕಾಲುಚೀಲಗಳೂ ಬಂದಿವೆ. ಇವೆರಡಕ್ಕೂ ನಂಟುಂಟೇ?

ಅಜ್ಜಿಯ ರೂಢಿಯನ್ನು ಪರೀಕ್ಷೆಗೆ ಒಡ್ಡಿದವರು ಬೆಂಗಳೂರಿನವರೇ. ಯಲಹಂಕದ ಬಳಿಯ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯ ಸಂಶೋಧಕರು ಕಾಲರಾ, ಟೈಫಾಯ್ಡ್, ಆಮಶಂಕೆಗಳ ಬ್ಯಾಕ್ಟೀರಿಯ ಬೆರೆಸಿದ ನೀರನ್ನು 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟರು. ಬಳಿಕ ಆ ನೀರಿನಿಂದ ಜೀವಂತ ಬ್ಯಾಕ್ಟೀರಿಯ ಬೆಳೆಯಲಿಲ್ಲ. ಕರಗಿದ ತಾಮ್ರವೋ, ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ ಎಷ್ಟೋ ಕಡಿಮೆ. ಈ ವರದಿ ಪ್ರಕಟವಾದದ್ದು 2012ರಲ್ಲಿ.

ಅಲ್ಪ ಲೋಹದ ಈ ಶಕ್ತಿಗೆ ಹೆಸರಿಟ್ಟವನು ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ನೇಗೆಲಿ. ಲವಲೇಶ ತಾಮ್ರವಿದ್ದ ನೀರಿನಲ್ಲಿ ಸ್ಪೈರೊಗೈರ ಪಾಚಿ ಸಾಯುವುದನ್ನು ಅವನು ಕಂಡಿದ್ದ. ಅವನ ಬರಹ ಅಚ್ಚಾದದ್ದು 1893ರಲ್ಲಿ, ಅವನು ತೀರಿಕೊಂಡ ಮೇಲೆ. ವೈದ್ಯರು ಮಾತ್ರ ಕಾರಣ ತಿಳಿಯುವವರೆಗೆ ಕಾದು ಕುಳಿತಿರಲಿಲ್ಲ. ಲೈಪ್‌ಜಿಗ್‌ನ ಕ್ರೇಡೆ 1880ರ ಹೊತ್ತಿಗೇ ಸಿಲ್ವರ್ ನೈಟ್ರೇಟಿನ ಹನಿಯಿಂದ ನವಜಾತ ಶಿಶುಗಳ ಕಣ್ಣು ಉಳಿಸಿದ್ದರು. 1889ರಲ್ಲಿ ಅಮೆರಿಕದ ಕ್ಯಾರಿ ಲೀ ನೀರಿನಲ್ಲಿ ತೇಲುವ ಅತಿಸೂಕ್ಷ್ಮ ಬೆಳ್ಳಿ ಕಣಗಳನ್ನು ತಯಾರಿಸಿದರು. ಅವು ನ್ಯಾನೊ ಕಣಗಳೇ, ಹೆಸರಷ್ಟೇ ಇರಲಿಲ್ಲ. 'ನ್ಯಾನೊಟೆಕ್ನಾಲಜಿ' ಎಂಬ ಪದ ಹುಟ್ಟಿದ್ದು 1974ರಲ್ಲಿ.

ಇಷ್ಟು ಚಿಕ್ಕದು ಮಾಡಿ ಸಿಗುವುದೇನು? ತೆರೆಯ ಮೇಲೆ ಇದನ್ನು ತೋರಿಸುವುದು ಕಷ್ಟ, ಲೆಕ್ಕ ಮಾಡುವುದು ಸುಲಭ. 1 ಸೆಂಟಿಮೀಟರ್ ಘನದ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೊಮೀಟರಿನ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್, ಎಂದರೆ ಜೆ.ಪಿ. ನಗರದ 30×40 ಅಡಿಯ ಐದು ಸೈಟಿಗೂ ಹೆಚ್ಚು! ಆ ಮೈಯುದ್ದಕ್ಕೂ ಆಮ್ಲಜನಕ ತಾಗಿ ಬೆಳ್ಳಿಯ ಅಯಾನುಗಳು ಬಿಡುಗಡೆಯಾಗುತ್ತವೆ. ಅಯಾನು ಬ್ಯಾಕ್ಟೀರಿಯದ ಕಿಣ್ವಗಳಲ್ಲಿರುವ ಗಂಧಕವನ್ನು ಹಿಡಿದುಕೊಳ್ಳುತ್ತದೆ. ಉಸಿರಾಟ ಕೆಡುತ್ತದೆ, ಕೋಶಪೊರೆ ಸೋರುತ್ತದೆ.

ಹಾಗಾದರೆ ಕೊಲ್ಲುವುದು ಕಣವೋ, ಅಯಾನೋ? ಅದೇ 2012ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಆಮ್ಲಜನಕವಿಲ್ಲದೆಡೆ ಪ್ರಯೋಗ ನಡೆಸಿದರು. ಅಯಾನು ಹೊರಡಲಿಲ್ಲ, ಕಣಗಳ ಆಟ ನಡೆಯಲಿಲ್ಲ. ಕಣವೇ ಪೊರೆಗೆ ಅಂಟಿ ಹಾನಿ ಮಾಡುತ್ತದೆ ಎನ್ನುವವರು ಇನ್ನೂ ಇದ್ದಾರೆ. ನನಗೆ ಮಾತ್ರ ಕಣವು ಅಯಾನುಗಳ ಉಗ್ರಾಣದಂತೆ ಕಾಣುತ್ತದೆ. ಅಜ್ಜಿಯ ಚೊಂಬೂ ಅಂಥದೇ ಉಗ್ರಾಣ, ಲೋಹ ಬೇರೆ ಅಷ್ಟೆ.

ಬ್ಯಾಕ್ಟೀರಿಯಗಳೂ ಸುಮ್ಮನಿಲ್ಲ. ಬೆಳ್ಳಿಗೆ ಬಗ್ಗದ ಸಾಲ್ಮೊನೆಲ್ಲ 1975ರಲ್ಲೇ ಬಾಸ್ಟನ್ನಿನ ಸುಟ್ಟಗಾಯದ ವಾರ್ಡಿನಲ್ಲಿ ಕಾಣಿಸಿಕೊಂಡಿತ್ತು. ಗಾಯದ ಮುಲಾಮಿಗೆ ಬೇಕಾದ ಬೆಳ್ಳಿಯನ್ನು ಕಾಲುಚೀಲದ ವಾಸನೆಗೆ ಖರ್ಚು ಮಾಡಬೇಕೇ ಎಂಬ ತಕರಾರು ಇಲ್ಲಿಂದಲೇ ಏಳುತ್ತದೆ. ಒಗೆದಾಗ ಆ ಬೆಳ್ಳಿ ಒಳಚರಂಡಿ ಸೇರುತ್ತದೆ. ಕೊಳಚೆನೀರು ಶುದ್ಧೀಕರಿಸುವ ಘಟಕದಲ್ಲಿ ದುಡಿಯುವುದೂ ಬ್ಯಾಕ್ಟೀರಿಯಗಳೇ! ಪುಣ್ಯಕ್ಕೆ ಅಲ್ಲಿ ಗಂಧಕ ಧಾರಾಳ. ಹೆಚ್ಚಿನ ಬೆಳ್ಳಿ ಸಿಲ್ವರ್ ಸಲ್ಫೈಡ್ ಆಗಿ ರಾಡಿಯಲ್ಲಿ ಉಳಿಯುತ್ತದೆ. ದೇವರ ಮನೆಯ ಬೆಳ್ಳಿದೀಪವನ್ನು ಕಪ್ಪಾಗಿಸುವುದೂ ಅದೇ ಸಲ್ಫೈಡ್.